ಮಳೆಗಾಲದಲ್ಲಿ ಕಕ್ಕಸಿನ ಗುಂಡಿಯಿಂದ ನೀರು ಮೇಲೆ ಬರುತ್ತದೆ. ಜನರಿಗೆ ನಾಚಿಕೆ ಹುಟ್ಟಿಸಿ ಏನು ಪ್ರಯೋಜನ?

ಹೊಸನಗರದ ಹೈದ · ಫೆಬ್ರವರಿ 11

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಒಂದು ಮಜರೆ ನಮ್ಮದು. 34 ಮನೆ. ಒಂದು ಮನೆಯಿಂದ ಇನ್ನೊಂದಕ್ಕೆ ಕೂಗಿದರೆ ಕೇಳಬೇಕು ಅಷ್ಟೆ, ಕೆಲವು ಕಡೆ ಅದೂ ಕೇಳುವುದಿಲ್ಲ. ಈ ಸಲ ನಾನು ಪಂಚಾಯ್ತಿ ಸದಸ್ಯ.

ಕಾಗದದಲ್ಲಿ ನಮ್ಮ ಎಲ್ಲಾ ಮನೆಗೂ ಶೌಚಾಲಯ ಇದೆ. ನಾನೇ ಒಂದು ಭಾನುವಾರ ಮನೆ ಮನೆ ಸುತ್ತಿ ನೋಡಿದೆ. ವರ್ಷಪೂರ್ತಿ ಬಳಸುವುದು 19 ಮನೆ. 9 ಮನೆಯವರು ಬೇಸಿಗೆಯಲ್ಲಿ ಮಾತ್ರ ಬಳಸುತ್ತಾರೆ, ಆರಿದ್ರಾ ಮಳೆ ಹಿಡಿಯಿತು ಅಂದರೆ ಗುಂಡಿಯಲ್ಲಿ ನೀರೆದ್ದು ಬೇಸಿನ್ನಿಗೇ ವಾಪಸ್ ಬರುತ್ತದೆ. ಉಳಿದ 6ರಲ್ಲಿ ಕಟ್ಟಿಗೆ, ಅಡಿಕೆ ಚೀಲ ತುಂಬಿದ್ದಾರೆ. ಒಂದರಲ್ಲಿ ಕೋಳಿ ಮರಿ ಮಾಡಿದೆ.

ಮೊನ್ನೆ ಒಂದು ತರಬೇತಿಗೆ ಹೋಗಿದ್ದೆ. ಊರವರನ್ನೇ ಮುಂದೆ ಬಿಟ್ಟು ಬಯಲು ಶೌಚ ನಿಲ್ಲಿಸುವ ವಿಧಾನ ಅಂತ ಹೇಳಿಕೊಟ್ಟರು. ಒಂದು ಲೋಟ ನೀರು ತೋರಿಸಿ ಕುಡಿಯುತ್ತೀರಾ ಅಂತ ಕೇಳುವುದು. ಆಮೇಲೆ ಒಂದು ಕೂದಲನ್ನು ಮಲಕ್ಕೆ ತಾಗಿಸಿ ಅದೇ ನೀರಿಗೆ ಅದ್ದಿ, ಈಗ ಕುಡಿಯುತ್ತೀರಾ ಅಂತ ಕೇಳುವುದು. ಯಾರೂ ಕುಡಿಯುವುದಿಲ್ಲ. ನೊಣಕ್ಕೆ ಆರು ಕಾಲು, ನಿಮ್ಮ ಅನ್ನದ ಮೇಲೆ ಕೂತಾಗ ಏನಾಗುತ್ತೆ ಅಂತ ಮುಂದಿನ ಪ್ರಶ್ನೆ. ನೋಡಲು ಚೆನ್ನಾಗಿತ್ತು. ಆದರೆ ಗುಂಡಿ ಉಕ್ಕಿ ಬರುವ ಮನೆಯವರ ಮುಂದೆ ಈ ಲೋಟ ಹಿಡಿದು ನಿಂತರೆ ನನ್ನ ಮುಖಕ್ಕೇ ಎರಚಿಯಾರು ಅನ್ನಿಸಿತು. ಯಾರಾದರೂ ಇದನ್ನು ಮಾಡಿ ನೋಡಿದ್ದೀರಾ?

ತುಂಗೆಯ ತಡಿ · ಫೆಬ್ರವರಿ 11

ಈ ವಿಧಾನ ಹುಟ್ಟಿದ್ದು ಬಾಂಗ್ಲಾದೇಶದಲ್ಲಿ. 1999–2000ರ ಸುಮಾರಿಗೆ ರಾಜಶಾಹಿ ಜಿಲ್ಲೆಯ ಮೊಸ್ಮೊಯಿಲ್ ಅನ್ನುವ ಹಳ್ಳಿ. ಕಮಲ್ ಕರ್ ಅಂತ ಕೃಷಿ ಹಿನ್ನೆಲೆಯ ಒಬ್ಬ ತಜ್ಞರು, ಕೋಲ್ಕತ್ತದವರು. ವಾಟರ್‌ಏಡ್ ಸಂಸ್ಥೆಯ ನೆರವಿನಲ್ಲಿ ನಡೆಯುತ್ತಿದ್ದ ಕೆಲಸ ಹೇಗಿದೆ ಅಂತ ನೋಡಲು ಹೋದವರು. ಸಹಾಯಧನದಲ್ಲಿ ಕಟ್ಟಿದ ಕಕ್ಕಸನ್ನು ಜನ ಬಳಸುತ್ತಿಲ್ಲ ಅಂತ ಅವರ ಕಣ್ಣಿಗೆ ಬಿತ್ತು. ಆಮೇಲೆ ಅವರು ಕಟ್ಟುವುದು ಬಿಟ್ಟು ಕೇಳುವುದಕ್ಕೆ ಶುರು ಮಾಡಿದರು. ಊರವರೇ ನೆಲದ ಮೇಲೆ ನಕ್ಷೆ ಬಿಡಿಸಿದರು, ಯಾರು ಎಲ್ಲಿಗೆ ಹೋಗುತ್ತಾರೆ ಅಂತ ಗುರುತು ಹಾಕಿದರು, ವರ್ಷಕ್ಕೆ ಊರಿನದು ಎಷ್ಟು ಗಾಡಿ ಆಗುತ್ತೆ ಅಂತ ಲೆಕ್ಕ ಹಾಕಿದರು. ಅಲ್ಲಿಂದ ಆಫ್ರಿಕಾ, ಇಂಡೋನೇಷ್ಯಾ ಎಲ್ಲಾ ಕಡೆ ಹೋಯಿತು.

ಅದರಲ್ಲಿ ಎರಡು ಮುಖ್ಯ ಕಟ್ಟಳೆ. ಒಂದು, ಹೊರಗಿನಿಂದ ದುಡ್ಡು ಇಲ್ಲ. ಎರಡು, ಇಂಥದ್ದೇ ಕಟ್ಟಿ ಅಂತ ಹೇಳುವ ಹಾಗಿಲ್ಲ. ಬಿದಿರಿನದೋ ತಗಡಿನದೋ ಅವರಿಗೆ ಬಿಟ್ಟಿದ್ದು. ನಮ್ಮಲ್ಲಿ ಇವೆರಡೂ ಇಲ್ಲ. 12,000 ರೂಪಾಯಿ ಪ್ರೋತ್ಸಾಹಧನ, ನಕ್ಷೆ ಸರ್ಕಾರದ್ದು, ಕೊನೆಗೆ ಬಾಗಿಲ ಮುಂದೆ ನಿಂತು ಫೋಟೊ. ಉಳಿದದ್ದು ಲೋಟ ಮತ್ತು ಕೂದಲು ಮಾತ್ರ.

ಸಾಗರದ ಸೊಸೆ · ಫೆಬ್ರವರಿ 12

ನಾಚಿಕೆ ವಿಷಯ ನನ್ನ ಹತ್ತಿರ ಹೇಳಬೇಡಿ. ನಾನು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಕಕ್ಕಸು ಇರಲಿಲ್ಲ. ಮಳೆಗಾಲದಲ್ಲಿ ಬೆಳಕು ಹರಿಯುವ ಮುಂಚೆ ಗೊರಬು ಹೊದ್ದು ಬ್ಯಾಣದ (ಹುಲ್ಲುಗಾವಲಿನ) ಕಡೆ ಹೋಗುವುದು, ಕಾಲಿಗೆ ಉಂಬಳ, ಕೈಯಲ್ಲಿ ಚೊಂಬು. ಸಂಜೆ ನಾಲ್ಕರ ಮೇಲೆ ನೀರು ಕುಡಿಯುತ್ತಿರಲಿಲ್ಲ. ನಮಗೆ ನಾಚಿಕೆ ಇಲ್ಲ ಅಂತ ಯಾರು ಹೇಳಿದ್ದು? ಇದ್ದದ್ದಕ್ಕೇ ಕತ್ತಲಲ್ಲಿ ಹೋಗುತ್ತಿದ್ದೆವು.

ಆಮೇಲೆ ಒಂದು ವರ್ಷ ಬೆಳಗಿನ ಜಾವ ಸೀಟಿ ಊದುವವರು ಬಂದರು. ಟಾರ್ಚ್ ಬಿಡುವುದು, ಹೂ ಕೊಡುವುದು, ಫೋಟೊ ತೆಗೆಯುತ್ತೇವೆ ಅಂತ ಹೆದರಿಸುವುದು. ಅವರಲ್ಲಿ ಒಬ್ಬರೂ ಹೆಂಗಸರಿಲ್ಲ. ನಾವು ಮತ್ತೂ ಒಂದು ಫರ್ಲಾಂಗು ಒಳಗೆ ಹೋಗಲು ಕಲಿತೆವು ಅಷ್ಟೆ. ಸದಸ್ಯರೇ, ನೀವು ಆ ಕೆಲಸಕ್ಕೆ ಮಾತ್ರ ಇಳಿಯಬೇಡಿ.

ತುಂಗೆಯ ತಡಿ · ಫೆಬ್ರವರಿ 12

ಅಕ್ಕ ಹೇಳಿದ್ದು ಸರಿ. 2017ರಲ್ಲಿ ರಾಜಸ್ಥಾನದ ಪ್ರತಾಪಗಢದಲ್ಲಿ ಹೀಗೇ ಹೆಂಗಸರ ಫೋಟೊ ತೆಗೆಯುವ ವಿಷಯಕ್ಕೆ ಜಗಳವಾಗಿ, ಅದರ ಬೆನ್ನಿಗೇ ಒಬ್ಬರು ತೀರಿಕೊಂಡರು. ಸಾವಿನ ಕಾರಣದ ಬಗ್ಗೆ ಎರಡು ಮಾತಿತ್ತು. ಫೋಟೊ ತೆಗೆಯುವ ಅಧಿಕಾರ ಯಾರು ಕೊಟ್ಟರು ಅನ್ನುವುದಕ್ಕೆ ಮಾತ್ರ ಉತ್ತರ ಬರಲಿಲ್ಲ.

ಮೇಸ್ತ್ರಿ · ಫೆಬ್ರವರಿ 12

ಸದಸ್ಯರೇ, ಲೋಟದ ಕತೆ ಆಮೇಲೆ. ಇದಕ್ಕೆ ಉತ್ತರ ಹೇಳಿ.

ಗುಂಡಿ ಎಷ್ಟು? ಒಂದೋ ಎರಡೋ? ಆಳ ಎಷ್ಟು? ತಳಕ್ಕೆ ಕಾಂಕ್ರೀಟ್ ಹಾಕಿದ್ದಾರಾ? ಬಚ್ಚಲು ನೀರು ಎಲ್ಲಿಗೆ ಹೋಗುತ್ತೆ? ಮಾಡಿನ ನೀರು ಎಲ್ಲಿ ಬೀಳುತ್ತೆ? ಬಾವಿ ಎಷ್ಟು ದೂರ, ಮೇಲಿದೆಯೋ ಕೆಳಗಿದೆಯೋ?

ಹೊಸನಗರದ ಹೈದ · ಫೆಬ್ರವರಿ 15

ಮೇಸ್ತ್ರಿಗಳೇ, ಎರಡು ದಿನ ಹಿಡಿಯಿತು. ಆ 9 ಮನೆಯನ್ನೂ ನೋಡಿ ಬಂದೆ.

7 ಮನೆಯಲ್ಲಿ ಎರಡು ಗುಂಡಿ ಇದೆ. ಆದರೆ ಮೊದಲನೆಯದು ತುಂಬಿ ಎರಡನೆಯದಕ್ಕೆ ಹೋಗುವ ಹಾಗೆ ಪೈಪ್ ಹಾಕಿದ್ದಾರೆ. ಎರಡು ಮನೆಯಲ್ಲಿ ಒಂದೇ ಗುಂಡಿ, ಎಂಟು ಅಡಿ ಆಳ. ಜಾಸ್ತಿ ಆಳ ಇದ್ದರೆ ಬೇಗ ತುಂಬಲ್ಲ ಅಂತ ಮನೆಯವರೇ ಹೇಳಿ ತೋಡಿಸಿದ್ದು. ಐದು ಕಡೆ ಬಚ್ಚಲು ನೀರೂ ಅದಕ್ಕೇ. ಮೂರು ಕಡೆ ಮಾಡಿನ ನೀರು ಸೀದಾ ಗುಂಡಿಯ ಮುಚ್ಚಳದ ಮೇಲೆ.

ಮೇಸ್ತ್ರಿ · ಫೆಬ್ರವರಿ 15

ನನಗೆ ಗೊತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ತಪ್ಪಾಗಿ ಕಟ್ಟಿ ಜನ ಬಳಸಲ್ಲ ಅಂತ ದೂರುವುದು.

ಎರಡು ಗುಂಡಿ ಅಂದರೆ ಒಂದಾದ ಮೇಲೆ ಒಂದು, ಸರತಿ. ಬೇಸಿನ್ನಿಂದ ಬರುವ ಪೈಪು ಒಂದು ಸಣ್ಣ ಚೇಂಬರಿಗೆ ಬರಬೇಕು. ಅಲ್ಲಿ ಕವಲು. ಒಂದು ಬಾಯಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಬೇಕು. ಒಂದು ಮೀಟರ್ ಅಗಲ, ಸುಮಾರು ನಾಲ್ಕಡಿ ಆಳದ ಗುಂಡಿ ಐದು ಜನರ ಮನೆಗೆ ಮೂರು ವರ್ಷ ಬರುತ್ತೆ. ತುಂಬಿತಾ, ಇಟ್ಟಿಗೆಯನ್ನು ಈ ಕಡೆ ಇಡಿ, ಆ ಕಡೆ ಬಿಡಿ. ತುಂಬಿದ ಗುಂಡಿಯನ್ನು ಎರಡು ವರ್ಷ ಮುಟ್ಟಬೇಡಿ. ಆಮೇಲೆ ತೆಗೆದರೆ ಮಣ್ಣು. ವಾಸನೆ ಇರುವುದಿಲ್ಲ. ಸುತ್ತ ಜೇನುಗೂಡಿನ ಹಾಗೆ ಸಂದು ಬಿಟ್ಟು ಕಟ್ಟಬೇಕು, ನೀರು ಇಂಗಲಿ ಅಂತ. ಗ್ಯಾಸ್ ಪೈಪು ಬೇಡ, ಗಾಳಿ ಮಣ್ಣಿಗೆ ಹೋಗುತ್ತೆ.

ಬೇಸಿನ್ನೂ ನೋಡಿ. ಹಳ್ಳಿ ಬೇಸಿನ್ ಅಂತ ಬರುತ್ತೆ, ಇಳಿಜಾರು ಜಾಸ್ತಿ. ಎರಡು ಲೀಟರ್ ನೀರಲ್ಲಿ ಹೋಗುತ್ತೆ. ಪೇಟೆ ಬೇಸಿನ್ ಹಾಕಿದರೆ ಬಕೆಟ್ ನೀರು ಬೇಕು. ಆ ನೀರೂ ಗುಂಡಿಗೇ ತಾನೇ.

ಇನ್ನು ನಮ್ಮ ಮಲೆನಾಡಿನ ಕಷ್ಟ. ಪುಸ್ತಕದಲ್ಲಿ ಗುಂಡಿಯ ತಳಕ್ಕೂ ನೀರಿನ ಮಟ್ಟಕ್ಕೂ ಎರಡು ಮೀಟರ್ ಅಂತರ ಇರಬೇಕು ಅಂತಿದೆ. ಪುನರ್ವಸು ಮಳೆಯಲ್ಲಿ ನಮ್ಮ ಬಾವಿ ನೀರನ್ನು ಬಗ್ಗಿ ಚೊಂಬಲ್ಲಿ ತೆಗೆಯಬಹುದು. ಎರಡು ಮೀಟರ್ ಎಲ್ಲಿಂದ ತರುವುದು? ಎಂಟು ಅಡಿ ತೋಡಿದವರು ಗುಂಡಿ ತೋಡಿದ್ದಲ್ಲ ಮಾರಾಯ್ರೇ, ಇನ್ನೊಂದು ಬಾವಿ ತೋಡಿದ್ದು.

ದಾರಿ ಇದೆ. ಗುಂಡಿಯನ್ನು ಮೇಲೆತ್ತಬೇಕು. ಅರ್ಧ ನೆಲದೊಳಗೆ, ಅರ್ಧ ಹೊರಗೆ. ಸುತ್ತ ಮಣ್ಣು ಏರಿಸಿ ದಿಬ್ಬ ಮಾಡಿ. ಗುಂಡಿಯ ಸುತ್ತ ಒಂದೂವರೆ ಅಡಿ ದಪ್ಪ ಮರಳು ತುಂಬಿ, ತಳವನ್ನು ಮುಚ್ಚಿ. ಕಕ್ಕಸಿನ ನೆಲವೂ ಅಷ್ಟೇ ಏರಬೇಕು, ಮೂರು ಮೆಟ್ಟಿಲು ಬರುತ್ತೆ. ಖರ್ಚು ಜಾಸ್ತಿ. 12,000ಕ್ಕೆ ಆಗಲ್ಲ, ಅದನ್ನು ಮೊದಲೇ ಹೇಳಿಬಿಡಿ.

ಬೆಟ್ಟದ ಅಜ್ಜ · ಫೆಬ್ರವರಿ 16

ನನಗೆ 71. ಹುಟ್ಟಿದಾಗಿನಿಂದ ಹಕ್ಕಲಿಗೇ (ಕುರುಚಲು ಕಾಡಿಗೇ) ಹೋದವನು, ಏನೂ ಆಗಿಲ್ಲ. ಇಷ್ಟು ಮಳೆಯಲ್ಲಿ ಎಲ್ಲಾ ತೊಳೆದು ಹೋಗುತ್ತದೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಬೀಳುತ್ತೆ. ಅಲ್ಲಿ ಯಾವ ಹೊಲಸು ನಿಲ್ಲುತ್ತೆ? ಮನೆ ಪಕ್ಕವೇ ಹೊಲಸು ಇಟ್ಟುಕೊಳ್ಳುವುದು ನಮ್ಮ ಹಿರಿಯರಿಗೆ ಇಷ್ಟವಾಗದೇ ಇದ್ದದ್ದಕ್ಕೂ ಕಾರಣ ಇತ್ತು.

ಆಶಾ ಕಾರ್ಯಕರ್ತೆ, ತೀರ್ಥಹಳ್ಳಿ ಕಡೆ · ಫೆಬ್ರವರಿ 16

ಅಜ್ಜಾ, ತೊಳೆದು ಹೋಗುತ್ತೆ ಸರಿ, ಎಲ್ಲಿಗೆ ಹೋಗುತ್ತೆ? ನಿಮ್ಮ ಹಕ್ಕಲಿನ ಕೆಳಗೆ ಯಾರದ್ದೋ ಅಬ್ಬಿ, ಅಂದರೆ ಗುಡ್ಡದ ಒರತೆ, ಇರುತ್ತೆ. ಅಲ್ಲಿಂದ ಪೈಪಲ್ಲಿ ನೀರು ಇಳಿಸಿಕೊಂಡು ಕುಡಿಯುತ್ತಾರೆ. ಜುಲೈ ತಿಂಗಳಲ್ಲಿ ಮಕ್ಕಳಿಗೆ ಬೇಧಿ ಅಂತ ನಾನು ಓಆರ್‌ಎಸ್ ಪೊಟ್ಟಣ ಹಿಡಿದು ಓಡುವುದು ಆ ಮನೆಗಳಿಗೇ.

ಆದರೆ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಮನೆ ಪಕ್ಕ ಇಟ್ಟುಕೊಂಡದ್ದೂ ಬಾವಿಗೆ ಹೋಗುತ್ತೆ. ಗುಂಡಿಗೂ ಬಾವಿಗೂ 10 ಮೀಟರ್ ಇದ್ದರೆ ಸಾಕು ಅಂತ ಹೇಳುತ್ತಾರೆ. ಜಂಬಿಟ್ಟಿಗೆ ನೆಲದಲ್ಲಿ ತೂತು, ಬಿರುಕು ಜಾಸ್ತಿ, ಅದರಲ್ಲಿ ನೀರು ಓಡುತ್ತೆ. 10 ಮೀಟರ್ ನಂಬಿ ಕೂರಬೇಡಿ.

ಸದಸ್ಯರೇ, ಲೋಟಕ್ಕಿಂತ ಒಳ್ಳೆಯ ಸಾಮಾನು ಹೇಳುತ್ತೇನೆ. ನೀರು ಪರೀಕ್ಷೆ ಮಾಡುವ ಎಚ್‌ಟುಎಸ್ ಬಾಟಲಿ. ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಊರಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಅಂತ ಇದೆ. ಪಂಚಾಯ್ತಿಯಲ್ಲಿ ಕಿಟ್ ಇರಬೇಕು, ಬೀರು ಕೆಳಗೆ ನೋಡಿ. ಗೆರೆವರೆಗೆ ಬಾವಿ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಇಡಿ. ಮಳೆಗಾಲದ ಚಳಿಯಲ್ಲಿ ಒಲೆಕಟ್ಟೆ ಹತ್ತಿರ ಇಡಿ, ಇಲ್ಲದಿದ್ದರೆ ತಡವಾಗುತ್ತೆ. ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರಿನಲ್ಲಿ ಹೊಲಸು ಸೇರಿದೆ ಅಂತ. ಮನುಷ್ಯರದೋ ದನದ್ದೋ ಅಂತ ಅದು ಹೇಳುವುದಿಲ್ಲ. ಕೊಟ್ಟಿಗೆ ನೀರಿಗೂ ಕಪ್ಪಾಗುತ್ತೆ. ಅದನ್ನು ಮುಚ್ಚಿಡದೆ ಹೇಳಿ.

ಇನ್ನೊಂದು ವಿಷಯ ಯಾರೂ ಮಾತಾಡುವುದಿಲ್ಲ. ಮಗುವಿನದ್ದು ಹೊಲಸೇ ಅಲ್ಲ ಅಂತ ತಿಪ್ಪೆಗೆ ಎಸೆಯುತ್ತಾರೆ, ಬಟ್ಟೆಯನ್ನು ಹಳ್ಳದಲ್ಲಿ ಅಲುಬುತ್ತಾರೆ. ಅದೂ ಕಕ್ಕಸಿಗೇ ಹೋಗಬೇಕು.

ತುಂಗೆಯ ತಡಿ · ಫೆಬ್ರವರಿ 17

ಬರೀ ಕಟ್ಟಿದರೆ ಆಗುವುದಿಲ್ಲ ಅನ್ನುವುದಕ್ಕೆ ಒಡಿಶಾದ ಒಂದು ದೊಡ್ಡ ಅಧ್ಯಯನ ಇದೆ. 2014ರಲ್ಲಿ ಪ್ರಕಟವಾಯಿತು. 100 ಹಳ್ಳಿ. ಅರ್ಧದಲ್ಲಿ ಅಭಿಯಾನ ಮಾಡಿ ಕಟ್ಟಿಸಿದರು, ಅರ್ಧ ಹಾಗೇ ಬಿಟ್ಟರು. ಕಟ್ಟಿಸಿದ ಹಳ್ಳಿಗಳಲ್ಲಿ ಕಕ್ಕಸು ಇರುವ ಮನೆ 9ರಿಂದ 63 ಪರ್ಸೆಂಟಿಗೆ ಏರಿತು. ಮಕ್ಕಳ ಬೇಧಿ ಕಡಿಮೆಯಾಗಲಿಲ್ಲ, ಹುಳದ ಬಾಧೆ ಕಡಿಮೆಯಾಗಲಿಲ್ಲ. ಅದೇ ಮಾಲಿ ದೇಶದಲ್ಲಿ ಈ ಊರವರ ವಿಧಾನವನ್ನು 121 ಹಳ್ಳಿಗಳಲ್ಲಿ ಇದೇ ರೀತಿ ಹೋಲಿಸಿ ನೋಡಿದರು. ಬೇಧಿ ಅಲ್ಲೂ ಇಳಿಯಲಿಲ್ಲ. ಆದರೆ ಮಕ್ಕಳು ಸ್ವಲ್ಪ ಎತ್ತರ ಬೆಳೆದಿದ್ದರು. ಯಾಕೆ ಅಂತ ತಜ್ಞರು ಇನ್ನೂ ಜಗಳವಾಡುತ್ತಿದ್ದಾರೆ, ಆಡಲಿ.

ಉತ್ತರ ಭಾರತದ ಐದು ರಾಜ್ಯಗಳ ಸಮೀಕ್ಷೆ ಇನ್ನೊಂದು. ಬಳಸಬಹುದಾದ ಕಕ್ಕಸು ಇರುವ ಮನೆಗಳಲ್ಲೂ 40 ಪರ್ಸೆಂಟಿಗಿಂತ ಹೆಚ್ಚು ಕಡೆ ಒಬ್ಬರಾದರೂ ಬಯಲಿಗೆ ಹೋಗುತ್ತಿದ್ದರು. ಗುಂಡಿ ತುಂಬಿಬಿಟ್ಟರೆ ತೆಗೆಯುವವರು ಯಾರು ಅನ್ನುವ ಭಯ ಅದರ ಒಂದು ಕಾರಣ.

ಸಾಗರದ ಸೊಸೆ · ಫೆಬ್ರವರಿ 17

ಪರ್ಸೆಂಟ್ ಬಿಡಿ, ನಮ್ಮ ಮನೆಯಲ್ಲೂ ಅದೇ. ಗುಂಡಿ ಬೇಗ ತುಂಬುತ್ತೆ ಅಂತ ಮಾವನವರು ಬೆಳಿಗ್ಗೆ ತೋಟಕ್ಕೆ ಹೋಗುತ್ತಾರೆ. ಕಕ್ಕಸು ಹೆಂಗಸರಿಗೆ, ನೆಂಟರಿಗೆ.

ಕೇರಿಯವನು · ಫೆಬ್ರವರಿ 17

ಈ ಮಾತು ಬರಲಿ ಅಂತಲೇ ಕಾಯುತ್ತಿದ್ದೆ. ಎಂಟು ಅಡಿ ಗುಂಡಿ ಯಾಕೆ ತೋಡುತ್ತಾರೆ ಗೊತ್ತಾ? ಜನ್ಮದಲ್ಲಿ ತುಂಬಬಾರದು, ತಾವು ಮುಟ್ಟಬಾರದು ಅಂತ. ತುಂಬಿದರೆ ನಮ್ಮ ಕೇರಿ ಕಡೆ ಕಣ್ಣು ಹೋಗುತ್ತೆ. ಗುಂಡಿ ಖಾಲಿ ಮಾಡುವ ಸಕ್ಕಿಂಗ್ ಗಾಡಿ ನಿಮ್ಮ ದರೆ ಇಳಿದು ಬರುವುದಿಲ್ಲ. ಆಗ ಯಾರಿಗೋ ಕುಡಿಯಲು ಕೊಟ್ಟು ರಾತ್ರಿ ಇಳಿಸುವುದು.

ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿ ಐವತ್ತು ವರ್ಷ ಆಯಿತು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. ಹಸಿ ಗುಂಡಿಗೆ ಮನುಷ್ಯನನ್ನು ಇಳಿಸುವುದು ಅಪರಾಧ. ಎರಡು ವರ್ಷ ಬಿಟ್ಟು ಒಣಗಿದ ಗೊಬ್ಬರ ತೆಗೆಯುವುದು ಬೇರೆ ಕೆಲಸ, ಅದನ್ನು ಮನೆ ಯಜಮಾನ ತಾನೇ ತೆಗೆಯಲಿ. ಮೇಸ್ತ್ರಿ ಅದು ಮಣ್ಣು ಅಂತಾರಲ್ಲ. ಮಣ್ಣಾದರೆ ಮುಟ್ಟಲು ಏನು ಕಷ್ಟ? ಸಭೆಯಲ್ಲಿ ಮೊದಲು ಇದನ್ನು ಬರೆಸಿಕೊಳ್ಳಿ, ಆಮೇಲೆ ನಕ್ಷೆ ಬಿಡಿಸಿ.

ಮೇಸ್ತ್ರಿ · ಫೆಬ್ರವರಿ 17

ಒಪ್ಪಿದೆ. ನಮ್ಮನೆದು ನಾನೇ ತೆಗೆದಿದ್ದೇನೆ. ಏಪ್ರಿಲ್‌ನಲ್ಲಿ ತೆಗೆಯಬೇಕು, ಒಣಗಿರುತ್ತೆ. ತೆಂಗಿನ ಬುಡಕ್ಕೆ ಹಾಕಿದೆ. ಒಂದು ಮಾತು, ನೀರು ನಿಲ್ಲುವ ಗುಂಡಿಯಲ್ಲಿ ಅದು ಸರಿಯಾಗಿ ಮಣ್ಣಾಗಲ್ಲ. ಮೇಲೆತ್ತಿ ಅಂದದ್ದು ಅದಕ್ಕೂ ಸೇರಿ.

ಮುಳುಗಡೆ ಮೊಮ್ಮಗ · ಫೆಬ್ರವರಿ 19

ನೀವೆಲ್ಲ ಗುಂಡಿ ಎಲ್ಲಿ ಅಂತ ಮಾತಾಡುತ್ತಿದ್ದೀರಿ. ನಮ್ಮಲ್ಲಿ ಗುಂಡಿ ತೋಡುವ ನೆಲವೇ ನಮ್ಮದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಅಜ್ಜನ ಮನೆ ಶರಾವತಿ ಹಿನ್ನೀರಿನಡಿ ಹೋಯಿತು. ತಂದು ಬಿಟ್ಟ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಹಕ್ಕುಪತ್ರ ಇಲ್ಲ ಅಂದರೆ ಖಾತೆ ಇಲ್ಲ. ಪ್ರತಿ ಕಾಗದಕ್ಕೂ ಒಂದು ತಕರಾರು. ಅರಣ್ಯದವರು ಯಾವಾಗ ಏಳಿಸುತ್ತಾರೋ ಅಂತ ಇರುವವನು ಸಿಮೆಂಟು ಯಾಕೆ ಹಾಕುತ್ತಾನೆ? ನಾಳೆ ನಿಮ್ಮ ಸದಸ್ಯರು ಆ 6 ಮನೆ ಯಾರದ್ದು ಅಂತ ನೋಡಲಿ.

ಹೊಸನಗರದ ಹೈದ · ಫೆಬ್ರವರಿ 19

ನೋಡಿದೆ. ಆರರಲ್ಲಿ ನಾಲ್ಕು ಮನೆಗೆ ಹಕ್ಕುಪತ್ರ ಇಲ್ಲ. ಅವರ ಕಕ್ಕಸನ್ನು ಬೇರೆಯವರ ಜಾಗದಲ್ಲಿ ಕಟ್ಟಿಸಿ ಫೋಟೊ ತೆಗೆದಿದ್ದಾರೆ. ಆ ಜಾಗದವರು ಕಟ್ಟಿಗೆ ಒಟ್ಟಿದ್ದಾರೆ. ನಾನು ಇವರನ್ನು ಸೋಮಾರಿಗಳು ಅಂದುಕೊಂಡಿದ್ದೆ.

ಗಂಜಾಂ ರಿಟರ್ನ್ · ಫೆಬ್ರವರಿ 20

ತಡವಾಗಿ ನೋಡಿದೆ. ನಾನು ಕೆಲವು ವರ್ಷ ಒಡಿಶಾದಲ್ಲಿದ್ದೆ. ಅಲ್ಲಿ ಗ್ರಾಮ ವಿಕಾಸ ಅಂತ ಒಂದು ಸಂಸ್ಥೆ, ಬರ್ಹಾಂಪುರದ ಹತ್ತಿರ ಮೊಹುದಾ. ಅವರ ನಿಯಮ ಬಹಳ ಗಟ್ಟಿ. ಊರಿನ ಎಲ್ಲಾ ಮನೆ ಒಪ್ಪಬೇಕು, ಒಂದು ಮನೆ ಬಿಟ್ಟರೂ ಕೆಲಸ ಶುರುವಾಗುವುದಿಲ್ಲ. ಮನೆಗೆ ಸರಾಸರಿ 1,000 ರೂಪಾಯಿ ಸೇರಿಸಿ ಊರ ನಿಧಿ ಕಟ್ಟಬೇಕು. ಸರಾಸರಿ ಅಂದರೆ ಉಳ್ಳವರು ಜಾಸ್ತಿ, ಇಲ್ಲದವರು ಕಡಿಮೆ. ನಿಧಿ ಹಾಗೇ ಬ್ಯಾಂಕಿನಲ್ಲಿ ಇರುತ್ತೆ, ಬಡ್ಡಿಯಲ್ಲಿ ಮುಂದೆ ಬರುವ ಹೊಸ ಮನೆಗೆ ಸಹಾಯ. ಕಕ್ಕಸಿನ ಜೊತೆ ಸ್ನಾನದ ಮನೆ, ಎರಡಕ್ಕೂ ನಲ್ಲಿ. ಒಪ್ಪಿಸುವುದಕ್ಕೇ ಕೆಲವು ಊರಲ್ಲಿ ವರ್ಷಗಟ್ಟಲೆ ಹಿಡಿಯುತ್ತಿತ್ತು. ಮೇಲಿನ ಕೇರಿ, ಕೆಳಗಿನ ಕೇರಿ ಒಂದೇ ಪೈಪಿನ ನೀರಿಗೆ ಒಪ್ಪುವುದು ಸುಲಭವಲ್ಲ, ಅಲ್ವಾ?

ನಿಮ್ಮ 34 ಮನೆಗೆ ಅದೇ ಆಗಬೇಕು ಅಂತಿಲ್ಲ. ಎಲ್ಲರೂ ಅಥವಾ ಯಾರೂ ಇಲ್ಲ ಅನ್ನುವುದನ್ನು ಮಾತ್ರ ಬಿಡಬೇಡಿ. ಆಗ ಆ ನಾಲ್ಕು ಮನೆ ಊರಿನ ಸಮಸ್ಯೆ ಆಗುತ್ತೆ.

ಹೊಸನಗರದ ಹೈದ · ಮಾರ್ಚ್ 24

ಸಭೆ ಮಾಡಿದೆವು. ಅಡಿಕೆ ಸುಲಿದು ಮುಗಿದ ಕಣದಲ್ಲಿ. ಲೋಟ ತೆಗೆದುಕೊಂಡು ಹೋಗಲಿಲ್ಲ.

ನೆಲದ ಮೇಲೆ ಊರಿನ ನಕ್ಷೆ. ಬೂದಿಯಲ್ಲಿ ಹಳ್ಳ, ಸುಣ್ಣದಲ್ಲಿ ಮನೆ, ಕುಂಕುಮದಲ್ಲಿ ಬಾವಿ ಮತ್ತು ಅಬ್ಬಿ. ಗುಂಡಿಗೆ ಅರಿಶಿಣ ಇಡೋಣ ಅಂದೆ, ಹೆಂಗಸರು ಗದರಿದರು. ಇದ್ದಿಲು ಇಟ್ಟೆವು. ಅರ್ಧ ಗಂಟೆ ಮಕ್ಕಳೇ ಬಿಡಿಸಿದ್ದು. ಬಿಡಿಸಿ ಮುಗಿದ ಮೇಲೆ ಯಾರೂ ಭಾಷಣ ಮಾಡಲಿಲ್ಲ. ಒಬ್ಬರು ಅಜ್ಜಿ ಮಾತ್ರ ನಕ್ಷೆಯ ಮೇಲೆ ಕೋಲು ಇಟ್ಟು, "ಇದು ಮೇಲಿನ ಮನೆ ಇದ್ದಿಲು, ಇದು ನಮ್ಮ ಕುಂಕುಮ. ನೀರು ಯಾವ ಕಡೆ ಹರಿಯುತ್ತೆ ಮಗಾ?" ಅಂತ ಕೇಳಿದರು.

ಮೇಲಿನ ಮನೆ ಅಂದರೆ ಊರಿನ ದೊಡ್ಡ ಮನೆ. ಇಪ್ಪತ್ತು ವರ್ಷದ ಹಿಂದೆಯೇ ಟೈಲ್ಸ್ ಹಾಕಿದ ಕಕ್ಕಸು. ನನ್ನ ಲೆಕ್ಕದ ಆ 19ರಲ್ಲಿ ಮೊದಲನೆಯದು. ಗುಂಡಿ ಬಾವಿಯಿಂದ ಹನ್ನೆರಡು ಹೆಜ್ಜೆ, ಅದೂ ಮೇಲ್ಗಡೆ. ಯಜಮಾನರು ಸೆಪ್ಟಿಕ್ ಟ್ಯಾಂಕ್ ಅಂದರು. ಅದರ ನೀರು ಎಲ್ಲಿಗೆ ಹೋಗುತ್ತೆ ಅಂತ ಯಾರೋ ಕೇಳಿದ್ದಕ್ಕೆ ಎದ್ದು ಹೋದರು. ಸಭೆ ಅಲ್ಲಿಗೆ ಮುಗಿಯಿತು. ಗೊಬ್ಬರವನ್ನು ಮನೆಯವರೇ ತೆಗೆಯಬೇಕು ಅನ್ನುವುದಕ್ಕೆ ಅದಕ್ಕೂ ಮುಂಚೆ 27 ಸಹಿ ಬಿದ್ದಿತ್ತು.

ಬೆಟ್ಟದ ಅಜ್ಜ · ಮಾರ್ಚ್ 24

ಹೋದವರು ವಾಪಸ್ ಬರುತ್ತಾರೆ. ನೀರಿನ ವಿಷಯಕ್ಕೆ ಎದ್ದು ಹೋದವರು ಬಂದೇ ಬರುತ್ತಾರೆ. ಅವರ ಮನೆಗೆ ನೀವೇ ಒಂದು ಸಲ ಹೋಗಿ, ಕಾಫಿ ಕುಡಿದು ಬನ್ನಿ. ಈ ವಿಷಯ ಎತ್ತಬೇಡಿ.

ಹೊಸನಗರದ ಹೈದ · ಜುಲೈ 17

ನಾಲ್ಕು ತಿಂಗಳು ಇತ್ತ ಬರಲಿಲ್ಲ, ಕ್ಷಮಿಸಿ. ಕಿಟ್ ಪಂಚಾಯ್ತಿಯ ಬೀರು ಕೆಳಗೇ ಇತ್ತು, ಬಾಟಲಿ ಅವಧಿ ಮುಗಿದಿತ್ತು. ಹೊಸದು ತರಿಸಿಕೊಳ್ಳುವ ಹೊತ್ತಿಗೆ ಮಳೆ ಹಿಡಿಯಿತು. ಒಳ್ಳೆಯದೇ ಆಯಿತು.

ಕಳೆದ ವಾರ ನಮ್ಮ ಐದು ಜನ ಹೆಂಗಸರು 16 ಕಡೆ ನೀರು ತುಂಬಿದರು. 14 ಬಾವಿ, ಎರಡು ಅಬ್ಬಿ. ಬಾಟಲಿ ಇಟ್ಟದ್ದು ದೊಡ್ಡ ಮನೆಯ ಬಚ್ಚಲೊಲೆ ಪಕ್ಕ. ಅಲ್ಲಿ ಹಂಡೆ ಒಲೆ ಆರುವುದೇ ಇಲ್ಲ, ಯಜಮಾನರೇ ಇಲ್ಲಿಡಿ ಅಂದರು. ಅಜ್ಜಾ, ನಿಮ್ಮ ಕಾಫಿ ಕೆಲಸ ಮಾಡಿತು. ಮಾರನೆಯ ದಿನವೇ ಮೊದಲು ಕಪ್ಪಾದದ್ದು ಅವರದೇ ಬಾವಿಯದು. ಎರಡನೇ ದಿನಕ್ಕೆ 11 ಕಪ್ಪು. ಹಕ್ಕಲಿನ ಕೆಳಗಿನ ಅಬ್ಬಿಯೂ ಕಪ್ಪು. ಕಪ್ಪಾಗದೆ ಉಳಿದದ್ದರಲ್ಲಿ ಎರಡು ಆ ಹಕ್ಕುಪತ್ರ ಇಲ್ಲದ ಮನೆಯವರ ಬಾವಿ.

ದನದ್ದೂ ಇರಬಹುದು ಅಂತ ನಾನು ಹೇಳಿದೆ. ಯಜಮಾನರು, "ನಮ್ಮ ಕೊಟ್ಟಿಗೆ ಬಾವಿಯ ಕೆಳಗಿದೆ" ಅಂದರು. ಅಷ್ಟೇ ಅಂದದ್ದು. ಈಗ ಎಲ್ಲಾ ಮನೆಯಲ್ಲೂ ಕುದಿಸಿ ಕುಡಿಯುತ್ತಿದ್ದಾರೆ. ಆ ನಾಲ್ಕು ಮನೆಗೆ ಕಕ್ಕಸು ಕಟ್ಟಲು ಜಾಗದ ತಕರಾರು ಬಂದರೆ ತಾನು ಬರುತ್ತೇನೆ ಅಂತಲೂ ಹೇಳಿದ್ದಾರೆ. ಬರುತ್ತಾರೋ ನೋಡಬೇಕು.

ಕೇರಿಯವನು · ಜುಲೈ 17

ಉಳಿದ 7 ಸಹಿ?

ಹೊಸನಗರದ ಹೈದ · ಜುಲೈ 17

ಐದು ಬಂತು. ಎರಡು ಇನ್ನೂ ಇಲ್ಲ.

ಮೇಸ್ತ್ರಿ · ಜುಲೈ 18

ಸದಸ್ಯರೇ, ಈಗ ಗುಂಡಿ ತೋಡಬೇಡಿ, ಕುಸಿಯುತ್ತೆ. ಆದರೆ ಈಗಲೇ ಮಾಡಬೇಕಾದ ಕೆಲಸ ಒಂದಿದೆ. ಹೊಸ ಗುಂಡಿ ಎಲ್ಲಿ ಬರಬೇಕು ಅಂತ ಇದೆಯೋ ಅಲ್ಲಿ ಹಾರೆಯಲ್ಲಿ ಒಂದು ಸಣ್ಣ ಕುಳಿ ಹಾಕಿ. ನೀರು ಎಷ್ಟು ಆಳಕ್ಕೆ ಸಿಗುತ್ತೆ ಅಂತ ಕೋಲು ಇಟ್ಟು ಅಳೆದು ಬರೆದುಕೊಳ್ಳಿ. ಪುಷ್ಯ ಮಳೆ ಮುಗಿಯುವುದರೊಳಗೆ ಆಗಬೇಕು. ಬೇಸಿಗೆಯಲ್ಲಿ ಅಳೆದರೆ ಮತ್ತೆ ಅದೇ ಹಾಡು.

ಹೊಸನಗರದ ಹೈದ · ಜುಲೈ 20

ನಿನ್ನೆ 13 ಕುಳಿ ಆಯಿತು. ಒಂದೂವರೆ ಅಡಿಗೆ ನೀರು ಸಿಕ್ಕಿದ್ದು ನಾಲ್ಕು ಕಡೆ, ಮೂರಡಿಗೆ ಏಳು ಕಡೆ. ಎರಡು ಕಡೆ ಹಾರೆಯುದ್ದಕ್ಕೂ ನೀರಿಲ್ಲ, ಎರಡೂ ದಿಬ್ಬದ ಮೇಲೆ, ಬಾವಿಯಿಂದ ದೂರ. ದೊಡ್ಡ ಮನೆಯ ಹಿತ್ತಿಲಲ್ಲಿ ಅಂಥ ಜಾಗ ಸಿಗಲಿಲ್ಲ, ನಾಳೆ ಅವರ ಬ್ಯಾಣದ ಕಡೆ ನೋಡುತ್ತೇವೆ. ಮಳೆ ಬಿಟ್ಟಿಲ್ಲ. ಬರೆದುಕೊಂಡ ಪುಸ್ತಕ ಒದ್ದೆಯಾಗಿದೆ, ಒಲೆ ಮೇಲೆ ಒಣಗಲು ಇಟ್ಟಿದ್ದೇನೆ.